ಹನ್ನೊಂದು ಭಾಷೆ ಬಲ್ಲ ಶೈಲೇಶ್

ಠಾಣೆ–ಐರೋಲಿ ಲೋಕಲ್ ರೈಲು ಇರಲಿ, ಇಡೀ ಭೂಮಂಡಲದಲ್ಲೇ ಶೈಲೇಶನಷ್ಟು ಕಂಪ್ಯೂಟರ್ ಭಾಷೆ ಕಲಿತವರಿರಲಿಲ್ಲ. ಒಂದಲ್ಲ ಎರಡಲ್ಲ, ಹನ್ನೊಂದು! ರೈಲಿನಲ್ಲಿ ಒಂದು ಕಾಲೂರಲು ಜಾಗ ಸಿಕ್ಕರೆ ಸಾಕು, ಪುಸ್ತಕ ಬಿಚ್ಚುತ್ತಿದ್ದ. ಜಾವಾ ಕುಡಿದ, ಪೈಥಾನ್ ನುಂಗಿದ, ರೂಬಿ ಅಗಿದ. ಆದರೆ ಆರನೇ ಅಧ್ಯಾಯ ಮುಗಿಯುವಷ್ಟರಲ್ಲಿ ಇನ್ನೊಂದು ಭಾಷೆಯ ಹೆಸರು ಕಿವಿಗೆ ಬೀಳುತ್ತಿತ್ತು. ಅದರ ಮೊದಲ ಪುಟಕ್ಕೆ ಹಾರುತ್ತಿದ್ದ. ಮಾಹಿತಿಯನ್ನು ಉಳಿಸಿಡುವ ವಿದ್ಯೆ ಎಲ್ಲ ಪುಸ್ತಕಗಳಲ್ಲೂ ಇದ್ದದ್ದು ಏಳನೇ ಅಧ್ಯಾಯದಲ್ಲಿ.

೨೦೧೪ರಲ್ಲಿ, ಅವನು ಹದಿನಾಲ್ಕು ವರ್ಷ ತೇಪೆ ಹಾಕಿದ ಹಳೆಯ ಸಾಫ್ಟ್‌ವೇರಿಗೆ ಕಂಪನಿ ಬೀಗ ಹಾಕಿತು. ಹೊಸ ತಂಡದ ಮ್ಯಾನೇಜರ್ ರಮಿತಾ ಕರೆದಳು.

"ಎಷ್ಟು ಭಾಷೆ ಬರ್ತದೆ ಅಂತ ಕೇಳುದಿಲ್ಲ ಶೈಲೇಶ್. ಜನ ಬಳಸುವಂಥ ಒಂದು ಪ್ರೋಗ್ರಾಮ್ ತೋರಿಸಿ, ಸೋಮವಾರ. ಇಲ್ಲಾಂದ್ರೆ ನನ್ನ ಹತ್ರ ಸೀಟ್ ಇಲ್ಲ."

ಇತ್ತಲ್ಲ! ವಾಗ್ಳೆ ಎಸ್ಟೇಟಿನ ಶನಿಪೂಜಾ ಮಂಡಳಿಗೆಂದು ಹೂವು, ಪ್ರಸಾದಗಳ ಸರದಿಪಟ್ಟಿಯನ್ನು ಹನ್ನೊಂದು ಭಾಷೆಗಳಲ್ಲೂ ಅರ್ಧರ್ಧ ಬರೆದಿಟ್ಟಿದ್ದ. ಅವುಗಳಲ್ಲೊಂದನ್ನು ಹೇಗೋ ಓಡುವಂತೆ ಮಾಡಿ, ಶನಿವಾರ ಲ್ಯಾಪ್‌ಟಾಪ್ ಹೊತ್ತು ಪೂಜೆಗೆ ಹೋದ.

"ಎಂಥ ಮಾರಾಯ, ನೀನು ನಾಳೆ ನಾಳೆ ಅನ್ನುವಷ್ಟರಲ್ಲಿ ನನ್ನ ಸೊಸೆಗೆ ಎರಡು ಬಾಣಂತನ ಆಯ್ತು!" ಅಂದರು ಕಾರ್ಯದರ್ಶಿ ಯಜ್ಞೇಶ್ವರ.

"ಇವತ್ತು ಆಯ್ತು ಯಜ್ಞೇಶ್ವರಣ್ಣ. ಹೆಸರು ಹೇಳಿ."

ನಲವತ್ತಮೂರು ಮನೆಗಳ ಹೆಸರು ಹಾಕಿದ. ಮುಂದಿನ ವಾರದ ಹೂವು ರತ್ನಾವತಿಯಮ್ಮನದು ಎಂದು ಪರದೆ ತೋರಿಸಿದಾಗ ಬಿದ್ದ ಚಪ್ಪಾಳೆಗೆ ಶನಿದೇವರೇ ಒಮ್ಮೆ ದೃಷ್ಟಿ ತೆಗೆದು ಆಚೆ ನೋಡಿರಬೇಕು.

ತೊಡಕೊಂದೇ. ಪ್ರೋಗ್ರಾಮ್ ನಿಂತರೆ ಹೆಸರುಗಳೆಲ್ಲ ಹೋಗುತ್ತಿದ್ದವು. ಭಾನುವಾರ ಏಳನೇ ಅಧ್ಯಾಯ ತೆರೆದ, ಅರ್ಥವಾದದ್ದು ಕಾಲುಭಾಗ. ಪ್ರೋಗ್ರಾಮ್ ನಿಲ್ಲಿಸಿ ತಿದ್ದಲು ಹೋಗಿ ಇದ್ದದ್ದೂ ಕೆಟ್ಟರೆ? ಕೈ ಬರಲಿಲ್ಲ. ಮುಚ್ಚಿದರೆ ಸತ್ತೇಹೋಗುವ ಆ ಮುದಿ ಲ್ಯಾಪ್‌ಟಾಪನ್ನು ಸೋಮವಾರದವರೆಗೆ ತೆರೆದೇ ಇಡುವುದೆಂದು ತೀರ್ಮಾನಿಸಿದ.

ಸೋಮವಾರ ಬೆಳಿಗ್ಗೆ, ನಾಲ್ಕು ಲಕ್ಷ ಜನ ತುಂಬಿದ್ದ ಲೋಕಲಿನಲ್ಲಿ, ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ತಲೆಯ ಮೇಲೆ ಎತ್ತಿ ಹಿಡಿದು ಐರೋಲಿಯಲ್ಲಿ ಇಳಿದ. ಒಂದು ಹೆಸರೂ ಅಳಿಸಿರಲಿಲ್ಲ!

ಕಚೇರಿಯ ಗೇಟಿನಲ್ಲಿ ಕಾವಲುಗಾರ, ಕಲಬುರಗಿಯ ಮಹಾದೇವಪ್ಪ ತಡೆದ. "ಸ್ಕ್ಯಾನಿಂಗ್ ಮಶೀನಿನ್ಯಾಗ ಹಾಕ್ರೀ ಸಾಹೇಬ್ರ. ಮುಚ್ಚಿ ಹಾಕ್ರೀ."

"ಮುಚ್ಚಬಾರದು ಮಹಾದೇವಪ್ಪ. ನನ್ನ ಕೆಲಸ ಉಂಟು ಇದರಲ್ಲಿ."

"ನಂದೂ ಕೆಲಸ ಐತಲ್ರೀ. ಮ್ಯಾಲೆ ಕ್ಯಾಮೆರಾ ನೋಡಾಕತ್ತೈತಿ."

ಹಿಂದಿನ ಸಾಲು ಹಿಂದಿಯಲ್ಲೂ ಮರಾಠಿಯಲ್ಲೂ ಬೈಯತೊಡಗಿತು. ಶೈಲೇಶ್ ಮುಚ್ಚಿದ.

ಮೀಟಿಂಗ್ ರೂಮಿನಲ್ಲಿ ರಮಿತಾಳ ಮುಂದೆ ಮತ್ತೆ ತೆರೆದಾಗ ಪಟ್ಟಿ ಖಾಲಿ.

"ಹೆಸರೆಲ್ಲ ಬಾಯಿಪಾಠ ಉಂಟು ಮೇಡಂ, ಈಗ ಹಾಕ್ತೇನೆ."

"ಹಾಕಿ ಏನು ಮಾಡುದು? ಮುಚ್ಚಿದ ಮೇಲೂ ಇರಬೇಕಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾದಿಸಬಹುದಿತ್ತು. "ಎಚ್‌ಆರ್‌ನವರನ್ನು ಕಾಣಿ, ಆಯ್ತಾ?"

ಅವಳು ಬಾಗಿಲೆಳೆದುಕೊಂಡು ಹೋದಳು. ಶೈಲೇಶ್ ಎದ್ದೇಳಲಿಲ್ಲ. ಭೀಮಮ್ಮ, ಧರ್ಮಪಾಲ, ಪುಂಡರೀಕಾಕ್ಷ ಎಂದು ಒಂದೊಂದಾಗಿ ಟೈಪ್ ಮಾಡತೊಡಗಿದ. ಹದಿನೇಳನೆಯ ಮನೆಗೆ ಬರುವಾಗ ಯಾರೋ ಇಣುಕಿ, ಈ ರೂಮು ಮೀಟಿಂಗಿಗೆ ಬೇಕೆಂದರು.