ಕುರಿಯ ನೋವು ಬಲ್ಲವನು

ಬಿಸಿ ಉಸಿರು ಮೊಣಕೈಗೆ ಬಡಿಯುತ್ತಿದೆ, ಕುರಿಯದು, ಹಸಿ ಹುಲ್ಲು ಅಗಿದ ವಾಸನೆ, ತಲೆಯನ್ನು ನನ್ನ ತೊಡೆಗೆ ಒರಗಿಸಿ ಕಣ್ಣು ಅರ್ಧ ಮುಚ್ಚಿದೆ, ಬೆಳಗ್ಗೆಯಷ್ಟೇ ಈದಿದೆ ಪಾಪ, ಮರಿ ಅತ್ತ ಬೇಲಿಯ ಬುಡದಲ್ಲಿ ನಾಲ್ಕು ಕಾಲೂ ನಡುಗಿಸುತ್ತ ಕೂಗುತ್ತಿದೆ, ತಲಿ ಬಿಗಿ ಹಿಡಿ, ಅನ್ನುತ್ತಾನೆ ಅಮೋಘಸಿದ್ಧ ಆ ಕಡೆಯಿಂದ — ಗಂಡನ ಹೆಸರು ಬಾಯಿಗೆ ಬರಬಾರದು, ಮನಸ್ಸಿಗೆ ಬಂದರೆ ಯಾವ ಅತ್ತೆ ಕೇಳಿಸಿಕೊಂಡಾಳು, ಅಮೋಘಸಿದ್ಧ, ಅಮೋಘಸಿದ್ಧ, ಇಗೋ ಎರಡು ಸಲ ಹೇಳಿದೆ — ಹಿಡದೀನ್ರಿ, ಅನ್ನುತ್ತೇನೆ, ಕುರಿಯನ್ನು ಇಳಿಜಾರಿನಲ್ಲಿ ಮಲಗಿಸಿದ್ದಾನೆ, ತಲೆ ಕೆಳಗೆ, ಹಿಂಭಾಗ ಮೇಲೆ, ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರನ್ನು ಬೊಗಸೆ ಬೊಗಸೆ ಸುರಿದು ತೊಳೆಯುತ್ತಿದ್ದಾನೆ, ಬಾಲದ ಕೆಳಗೆ ದಾಳಿಂಬೆಯಷ್ಟು ದಪ್ಪಗೆ, ಕೆಂಪಗೆ, ಒಳಗಿನ ಗರ್ಭದ ಚೀಲ ಹೊರಗೆ ಬಂದು ನಿಂತಿದೆ, ಅವನ ಬೆರಳಿಗೆ ಅವಸರವೇ ಇಲ್ಲ, ಮೈ ಹೊರಗ ಬಂದದ, ಅಂಜಬ್ಯಾಡ ನಮ್ಮವ್ವ, ಒಳಗ ಹೋಗ್ತದ, ಅನ್ನುತ್ತಾನೆ, ನನಗಲ್ಲ, ಕುರಿಗೆ. ಹತ್ತು ಹೆಜ್ಜೆ ದೂರದಿಂದಲೇ ಅದರ ನಿಲುವು ನೋಡಿ ಹೇಳಿದ್ದ, ಹಿಂಗಾಲು ಅಗಲಿಸಿ ನಿಂತದ, ಏನೋ ಆಗ್ಯಾದ ಅಂತ, ನೂರಿಪ್ಪತ್ತು ಕುರಿಗಳಲ್ಲಿ ಒಂದರ ನಡಿಗೆ ಕೆಟ್ಟರೆ ಅವನಿಗೆ ಕಾಣುತ್ತದೆ, ಮೂರು ವರ್ಷದಿಂದ ನಾನೂ ಹಾಗೇ ನಿಲ್ಲುತ್ತೇನೆ, ಹಾಗೇ ನಡೆಯುತ್ತೇನೆ, ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಮೂರು ವರ್ಷದ ಹಿಂದೆ, ಮಾಂಜ್ರಾ ಹೊಳೆ ದಾಟಿದ ದಿನ, ನೀರು ಮೊಣಕಾಲಿನ ಮೇಲಿತ್ತು, ಔರಾದ ಶಹಾಜನಿಯ ಈಚೆ ಒಂದು ಜೋಳದ ಹೊಲದ ಬದುವಿನಲ್ಲಿ ಹೆತ್ತು ನಾಲ್ಕೇ ದಿನ, ಮಗು ಬೆನ್ನಿಗೆ, ತಲೆಯ ಮೇಲೆ ಕುರಿ ತಡೆಯುವ ಬಲೆಯ ಗಂಟು, ಗೂಟ, ಹಿಟ್ಟಿನ ಚೀಲ, ಹಿಂಡು ಯಾರ ಬಾಣಂತನಕ್ಕೂ ನಿಲ್ಲುವುದಿಲ್ಲ, ನಮ್ಮ ಹೆಣ್ಮಕ್ಕಳು ಹಡದ ಮರುದಿನಾನೇ ನಡೀತಾರ, ಒಕ್ಕಲಿಗರ ಮನಿಯವರಂಗ ಹೊರಸಿಗಿ ಅಂಟ್ಕೊಂಡು ಬೀಳಂಗಿಲ್ಲ, ಅತ್ತೆ ಬಂಡಮ್ಮ ಹೋದಲ್ಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದಳು, ನಾನೂ ಹೌದೆಂದು ಎದೆಯುಬ್ಬಿಸಿದ್ದೆ, ಹುಚ್ಚಿ. ದಂಡೆ ಹತ್ತುವಾಗ ತೊಡೆಗಳ ನಡುವೆ ಏನೋ ಭಾರ, ಒದ್ದೆ ಬಟ್ಟೆ ಮುದ್ದೆಯಾಗಿ ಸಿಕ್ಕಿಕೊಂಡ ಹಾಗೆ, ಪೊದೆಯ ಮರೆಗೆ ಹೋಗಿ ಕೈ ಹಾಕಿ ನೋಡಿದರೆ ಮೆತ್ತಗೆ, ದುಂಡಗೆ, ನನ್ನದೇ ಮೈ, ಕರುಳೇ ಕಳಚಿ ಬಿತ್ತು, ಇವತ್ತು ಸಾಯುತ್ತೇನೆ ಅಂದುಕೊಂಡೆ, ಸಾಯಲಿಲ್ಲ, ಮಲಗಿದರೆ ತಾನೇ ಒಳಗೆ ಹೋಗುತ್ತದೆ, ಎದ್ದು ನಾಲ್ಕು ಕೆಲಸ ಮಾಡಿದರೆ ಮತ್ತೆ ಹೊರಗೆ, ಆಮೇಲೆ ಊರೂರೇ ಮಲಗಿದ ಆ ದೊಡ್ಡ ಜ್ವರದ ವರ್ಷ, ಉದಗೀರದಿಂದ ನಿಲಂಗಾದ ತನಕ ಹೆಣ ಹೊರುವವರಿಲ್ಲ, ನಾನು ಬದುಕಿದೆ, ಮಗುವೂ ಬದುಕಿತು, ಆದರೆ ಒಂದೊಂದು ಕೆಮ್ಮಿಗೂ ಮೈ ಇಷ್ಟಿಷ್ಟೇ ಇಳಿಯಿತು. ಮರುವರ್ಷ ಹಿಂಡಿನಲ್ಲಿ ಒಂದು ಕುರಿಗೆ ಹೀಗೇ ಆದದ್ದನ್ನು ಕಂಡೆ, ಅಯ್ಯೋ ಇದೇ, ನನಗಾದದ್ದು ಇದೇ, ಖುಷಿಯೂ ಆಯಿತೆಂದರೆ ಯಾರು ನಂಬುತ್ತಾರೆ, ಇದು ಶಾಪವಲ್ಲ, ಕುಲದೇವರು ಬೀರಪ್ಪನ ಮುನಿಸಲ್ಲ, ಇದನ್ನು ತೊಳೆದು ಒಳಗಿಡುವ ಕೈ ನನ್ನ ಮನೆಯಲ್ಲೇ ಇದೆ, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ — ಮೂರನೆಯ ದಿನ ಮಾವ ಬೀರಣ್ಣ ಆ ಕುರಿಯನ್ನು ಔರಾದದ ಸಂತೆಗೆ ಹೊಡೆದುಕೊಂಡು ಹೋದ, ಮೈ ಬಿದ್ದ ಕುರಿ ಹಿಂಡಿನ ಜೋಡಿ ನಡೆಯಂಗಿಲ್ಲ, ಇಟ್ಕೊಂಡು ಏನ್ ಮಾಡೂದು, ಅಂದ. ನನ್ನ ಬಾಯಿ ಅಂದು ಮುಚ್ಚಿದ್ದು.

ಮುಚ್ಚಿದ ಬಾಯಿ ಮಾಡಿಸಿದ ಕೆಲಸ ಕೇಳಬೇಕು, ಮೈ ಮತ್ತೆ ಜಾರದಂತೆ ಕುರಿಗೆ ಕಟ್ಟುವ ಉಣ್ಣೆಯ ಹುರಿಯನ್ನೇ ಕದ್ದು ನನಗೆ ನಾನೇ ಬಿಗಿದುಕೊಂಡೆ, ಕುರಿಗಾದರೆ ಮೈತುಂಬ ಉಣ್ಣೆ, ನನಗೇನಿದೆ, ಎರಡೇ ದಿನಕ್ಕೆ ತೊಡೆ ಸುಲಿದು ಹುಣ್ಣು, ಹುಣ್ಣಿಗೆ ದೇವರ ಭಂಡಾರವೇ ಮದ್ದೆಂದು ಅರಿಶಿನದ ಪುಡಿ ಒತ್ತಿದೆ, ಉರಿಗೆ ಬೀರಪ್ಪನೇ ಕಣ್ಣ ಮುಂದೆ ಬಂದ. ಕೊನೆಗೆ ವಲಾಂಡಿಯ ಸೂಲಗಿತ್ತಿ ಪ್ರಯಾಗಬಾಯಿ, ಉಣ್ಣೆ ಮಾರುವ ನೆವ ಮಾಡಿ ಹೋಗಿದ್ದೆ, ನೋಡಿ ತಲೆ ತಲೆ ಬಡಿದುಕೊಂಡಳು, ಅಯ್ಯ ಹುಚ್ಚಿ, ನೀ ಏನ್ ಕುರಿ ಅದೀಯೇನ, ನೀ ಒಬ್ಬಾಕಿನೇ ಅಂತ ತಿಳ್ಕೊಂಡೀಯೇನ, ಈ ಊರಾಗ ಓಣಿಗೆ ನಾಕು ಮಂದಿ ಅದಾರ, ಒಬ್ಬಾಕಿ ಬಾಯಿ ಬಿಡಂಗಿಲ್ಲ, ತುಂಬಿದ ಕೊಡ ಎತ್ತಬ್ಯಾಡ, ಮುಕ್ಕರಿಬ್ಯಾಡ, ಸೊಂಟದ ಕೆಳಗ ಕೌದಿ ಮಡಚಿಟ್ಟು ಮಲಗು, ಉಚ್ಚಿ ತಡದಂಗ ಒಳಗ ಬಿಗಿ ಹಿಡಿ, ಬಿಡು, ಮತ್ತ ಹಿಡಿ, ದಿನಾ ಮಾಡು, ಹಳೀ ಧೋತರದ ಮೆತ್ತನ ಅರಿವಿ ಲಂಗೋಟಿ ಕಟ್ಟು, ಬೀದರ ಕಡಿ ಹೆಣ್ಣ ಡಾಕ್ಟರ ಒಬ್ಬಾಕಿ ಬಂದಾಳಂತ, ಒಳಗ ಬಳಿಯಂಥಾದ್ದು ಇಟ್ಟು ಮೈ ಜಾರದಂಗ ನಿಂದರಸ್ತಾಳಂತ, ಗಂಡಗ ಹೇಳಿ ಕರಕೊಂಡು ಹೋಗು. ಉಳಿದದ್ದೆಲ್ಲ ಮಾಡಿದೆ ಪ್ರಯಾಗಬಾಯಿ, ಹುಣ್ಣು ಆರಿತು, ಭಾರ ಅರ್ಧ ಇಳಿಯಿತು, ಅರ್ಧ ಕೊಡ ತರುವ ಮೈಗಳ್ಳಿ ಎಂದು ಅತ್ತೆಯ ಬಾಯಲ್ಲಿ ಹೆಸರಾದೆ, ಕೊನೆಯ ಒಂದು ಮಾತು ಮಾತ್ರ ಆಗಲಿಲ್ಲ, ಬಿಸಿತುಪ್ಪ, ನುಂಗಲಿಕ್ಕೂ ಇಲ್ಲ, ಉಗುಳಲಿಕ್ಕೂ ಇಲ್ಲ. ಅವನು ಬಳಿಗೆ ಬಂದಾಗ ಗೋಡೆಯ ಕಡೆ ಹೊರಳಿದ್ದೇನೆ, ಒಂದು ಸಲವಲ್ಲ, ಮೂರು ವರ್ಷ, ಅವನ ಕೈ ನನ್ನ ಭುಜದ ಮೇಲೆ ಸ್ವಲ್ಪ ಹೊತ್ತು ಇರುತ್ತಿತ್ತು, ಆಮೇಲೆ ಹೋಗುತ್ತಿತ್ತು, ನನ್ನ ಮ್ಯಾಲ ಮನಸಿಲ್ಲಂದ್ರ ಹೇಳಿಬಿಡು ಮಲಕಮ್ಮ, ಅಂದಿದ್ದ ಒಮ್ಮೆ, ಮನಸ್ಸಿಲ್ಲವೇ, ಅಯ್ಯೋ, ಮನಸ್ಸೊಂದೇ ತಾನೆ ಇರುವುದು, ಹಿಂಡಿನ ಹಿಂದೆ ಅವನ ಜೊತೆ ನಡೆಯಬೇಕು, ಕಡಲೆ ಹೊಲದ ಬದುವಿನಲ್ಲಿ ಮೂರು ಕಲ್ಲು ಹೂಡಿ ಅವನಿಗೆ ರೊಟ್ಟಿ ಬಡಿಯಬೇಕು, ತಿನ್ನುತ್ತ ಅವನು ಬೀರಪ್ಪನ ಪದದ ಒಂದು ಸಾಲು ಹಾಡಿ ಮುಂದಿನದನ್ನು ಮರೆಯಬೇಕು, ನಾನು ನಗಬೇಕು, ಒಂದೇ ಕಂಬಳಿಯಲ್ಲಿ ಉಣ್ಣೆಯ ವಾಸನೆ, ಅವನ ಬೆವರಿನ ವಾಸನೆ, ಆ ಕೈ. ಇವತ್ತು ಮಧ್ಯಾಹ್ನ ಹಿಂಡು ಹೊರಡುತ್ತದೆ, ಜಳಕೋಟದ ದಾರಿ, ಅಲ್ಲಿ ಗಂಡ ಸತ್ತ ಹೆಣ್ಣೊಂದು ಇದೆಯಂತೆ, ಗಟ್ಟಿಮುಟ್ಟಾಗಿದ್ದಾಳಂತೆ, ತುಂಬಿದ ಕೊಡ ಎರಡು ಹೊರುತ್ತಾಳಂತೆ, ಅವನು ಅವಳನ್ನು ಕೂಡಿಕೆ ಮಾಡಿಕೊಂಡು ಎರಡನೆಯ ಹೆಂಡತಿಯಾಗಿ ಕರೆತರಲೆಂದು ಅತ್ತೆ ಹಸಿರು ಸೀರೆಯೊಂದನ್ನು ಗಂಟಿನಲ್ಲಿ ಕಟ್ಟಿಟ್ಟಿದ್ದಾಳೆ. ಅವನು ಹೂಂ ಅಂದಿಲ್ಲ, ಬೇಡವೆಂದೂ ಅಂದಿಲ್ಲ.

ಒಳಗ ಹೋತು ನೋಡು, ಅನ್ನುತ್ತಾನೆ, ಅಂಗೈಯನ್ನು ಹಾಗೇ ಒತ್ತಿ ಹಿಡಿದಿದ್ದಾನೆ, ಕುರಿ ಒಂದು ನಿಟ್ಟುಸಿರು ಬಿಟ್ಟು ನನ್ನ ತೊಡೆಯ ಮೇಲೆ ಇನ್ನಷ್ಟು ಭಾರವಾಯಿತು, ಮಾವ ಬಂದು ಕೋಲೂರಿ ನಿಂತ, ಇದನ್ನೂ ಸಂತಿಗಿ ಹೊಡಿ, ಜಳಕೋಟದ ತನಕಾ ನಡೆಯಂಗಿಲ್ಲ, ಅಂದ, ಇಲ್ಲಪ್ಪ, ಇರಲಿ, ಅಂದ ಅಮೋಘಸಿದ್ಧ ತಲೆಯೆತ್ತದೆ, ಹಿಂಡಿನಾಗ ಬ್ಯಾಡ, ಸಾವಕಾಶ ನಡಸ್ತೀನಿ, ಏರು ಬಂದಲ್ಲಿ ನಾನೇ ಹೊತ್ಕೋತೀನಿ — ಹೊತ್ಕೋತೀನಿ ಅಂದ, ಮಾವ ಗೊಣಗುತ್ತ ಹೋದ, ನನಗೆ ಕುರಿಯ ಮೇಲೆ ಹೊಟ್ಟೆಕಿಚ್ಚು ಬಂತು, ನಾಚಿಕೆಗೇಡು, ನಾಲ್ಕು ಕಾಲಿನ ಮೂಕ ಪ್ರಾಣಿಯ ಮೇಲೆ, ಈಗಿಲ್ಲದಿದ್ದರೆ ಇನ್ನಿಲ್ಲ, ಇನ್ನೊಂದು ಘಳಿಗೆಗೆ ಹಿಂಡು ಎದ್ದರೆ ಆ ಹಸಿರು ಸೀರೆಯೂ ಏಳುತ್ತದೆ, ನೋಡ್ರಿ, ಅನ್ನುತ್ತೇನೆ, ದನಿ ನನ್ನದೇ ಅಲ್ಲವೆನ್ನುವ ಹಾಗಿದೆ, ನಂದೂ ಹಿಂಗೇ ಆಗ್ಯಾದ, ಏನು, ಅನ್ನುತ್ತಾನೆ, ಈ ಕುರಿದು ಆದಂಗ, ನನ್ನ ಮೈನೂ ಹೊರಗ ಬರ್ತದ, ಮೂರು ವರ್ಷಾತು, ನಿಮ್ಮ ಮ್ಯಾಲ ಮನಸಿಲ್ಲಂತಲ್ಲರೀ, ಅಂಜಿಕಿ, ಹೊಳಿ ದಾಟಿದ ದಿನದಿಂದ. ಮರಿ ಕೂಗುತ್ತಿದೆ, ಎಲ್ಲೋ ಅತ್ತೆಯೂ ಕೂಗುತ್ತಿದ್ದಾಳೆ, ಹೊತ್ತಾತು ಏಳ್ರೋ ಅಂತ, ಅವನು ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಾನೆ, ಮುಖವನ್ನಲ್ಲ, ಮಡಚಿ ಕೂತ ಕಾಲುಗಳನ್ನು, ಸೊಂಟವನ್ನು, ಹಿಂಡಿನಲ್ಲಿ ಕುಂಟುವ ಕುರಿಯನ್ನು ನೋಡುವ ಹಾಗೆ, ಮೂರು ವರ್ಷದಲ್ಲಿ ಮೊದಲ ಸಲ ಹಾಗೆ, ಆಮೇಲೆ ತನ್ನ ಕೈಯನ್ನು ನೋಡಿಕೊಂಡ, ಆ ದಿನ ಬಲಿ ಗಂಟ ನಿನ್ನ ತಲಿ ಮ್ಯಾಲ ನಾನೇ ಹೊರಸಿದ್ದೆ, ಅಂದ, ಮೆಲ್ಲಗೆ, ನೀ ಸಾಕಂದಿದ್ದಿ, ನಾ ಹಿಟ್ಟಿನ ಚೀಲಾನೂ ಮ್ಯಾಲ ಇಟ್ಟೆ — ಹೌದು, ಇಟ್ಟಿದ್ದ, ನಾನೇ ಮರೆತಿದ್ದೆ, ಅವನು ಮರೆತಿಲ್ಲ — ಈಗ ಆ ಕೈ, ಕುರಿಯನ್ನು ಬಿಟ್ಟು ನನ್ನ ಕಡೆಗೆ ಎದ್ದ ಕೈ, ನೂರು ಮೈಯ ನೋವು ತಿಳಿದ ಕೈ, ಎಲ್ಲಿ ಮುಟ್ಟಬೇಕೆಂದು ತಿಳಿಯದೆ ನಡುವೆಯೇ ನಿಂತಿದೆ, ಬೆರಳ ತುದಿಯಿಂದ ನೀರು, ಒಂದು ಹನಿ, ಇನ್ನೊಂದು ಹನಿ, ಈಗ ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಇಳಿಯುತ್ತಿದೆ, ಆ ಕೈ —