ಬಾಗಿಲಲ್ಲಿ ಕೂಗದ ಕಾರ್ಡು

ಕಿಟಕಿಯಾಚೆ ಮಣಿಪಾಲದ ಗುಡ್ಡದ ಮೇಲೆ ಒಂದು ಹದ್ದು, ರೆಕ್ಕೆ ಬಡಿಯದೆ, ಗಾಳಿಗೆ ಒರಗಿಕೊಂಡು ನಿಂತುಬಿಟ್ಟಿದೆ, ಅದಕ್ಕೇನು ಅವಸರ, ಅವಸರವೆಲ್ಲ ಕಾಲೇಜಿನ ಲ್ಯಾಬಿನ ಈ ಮೇಜಿನ ಸುತ್ತ ಸೇರಿದವರಿಗೆ, ಹಾಕಿ ಮಾರಾಯ್ರೆ, ಎಲ್ಲರೂ ನೋಡ್ತಾ ಇದ್ದಾರೆ, ಎಂದು ಸ್ಟೀವನ್ ಶರ್ಮಿಳಾಳ ಕಿವಿಯ ಹತ್ತಿರ ಪಿಸುಗುಟ್ಟಿದ, ಉಡುಪಿಯ ರಿಪೇರಿ ಅಂಗಡಿಯಲ್ಲಿ ಅವಳ ಪಾಲುದಾರ, ಶರ್ಮಿಳಾ ಹಾಕಲಿಲ್ಲ, ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡೇ ನಿಂತಳು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಅವಳೇ ನಕ್ಷೆ ಬಿಡಿಸಿ, ಅವಳೇ ಬೆಸುಗೆ ಹಾಕಿದ್ದು, ಮೇಜಿನ ಮೇಲಿರುವ ಈ ಬಗೆಯ ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಗೂಡುಗಳು, ಬೇಕಾದ ಕಾರ್ಡನ್ನು ತಳ್ಳಿ ಕೂರಿಸುವುದು, ಬೇಡವಾದರೆ ಎಳೆದು ತೆಗೆಯುವುದು, ಅವಳ ಕಾರ್ಡಿನೊಳಗೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್, ಅದು ಬದುಕಿದರೆ ಲ್ಯಾಪ್‌ಟಾಪೇ ಕೈ ಚಾಚಿ ಮೋಟಾರು ತಿರುಗಿಸೀತು, ಮಣ್ಣಿನ ತೇವ ಅಳೆದೀತು, ಮೇಜಿನ ತುಂಬ ವಯರು ಸಿಕ್ಕುಗಟ್ಟಬೇಕಿಲ್ಲ — ಬದುಕಿದರೆ. ಹೋದ ಸಲವೂ ಇದೇ ಮೇಜು, ಇದೇ ಜನ, ಇಂಥ ಲ್ಯಾಪ್‌ಟಾಪು ಇರುವುದು ಇವರ ಹತ್ತಿರ ಮಾತ್ರ, ತಳ್ಳಿದಳು, ಟಕ್ ಎಂದು ಕೂತಿತು, ಆಮೇಲೆ ಏನೂ ಇಲ್ಲ, ದೀಪವಿಲ್ಲ, ಮೋಟಾರಿಲ್ಲ, ಹಿಂದಿನಿಂದ ಯಾರೋ, ಗೂಡಿಗೆ ಒಳ್ಳೆ ಮುಚ್ಚಳ ಆಯ್ತು ಅಲ್ವಾ ಮೇಡಂ, ನಗು, ಅವಳೂ ನಕ್ಕಳು, ನಗದೆ ಎಂತ ಮಾಡುವುದು, ಕಾರ್ಕಳದ ತನ್ನ ಮನೆಗೆ ಬಸ್ಸು ಹತ್ತುವಾಗ ಸ್ಟೀವನ್, ಇನ್ನೊಂದೇ ಸಲ ಶರ್ಮಿಳಕ್ಕ, ಆಗದಿದ್ದರೆ ಇದನ್ನು ಬಿಡುವ, ನಮಗೆ ರಿಪೇರಿಯೇ ಸಾಕು, ಅವನ ತಪ್ಪಲ್ಲ, ಆದರೆ ಬಿಡುವುದು ಅಂದರೆ ಹೇಗೆ, ಕಾಪುವಿನ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಕೇಬಲಿಗೆ ಸಿಕ್ಕಿಸಿದರೆ ಇದೇ ಕಾರ್ಡು ಫಳಫಳ ಹೊಳೆಯುತ್ತದೆ, ಇಲ್ಲಿಗೆ ಬಂದರೆ ಕಲ್ಲು, ಭೂತಗನ್ನಡಿ ಹಿಡಿದು ಗೆರೆ ಗೆರೆ ನೋಡಿದಳು, ಅಮ್ಮ ಅಕ್ಕು ಮೀನಿನ ಬುಟ್ಟಿ ತೊಳೆಯುತ್ತ, ನಿನ್ನ ಆ ಬಿಲ್ಲೆಗೆ ಇವತ್ತೂ ಮುನಿಸಾ ಮಗಳೇ, ಎಂದು ಕೆಣಕುವಳು, ಆ ಅಮ್ಮನ ಜೊತೆಗೇ ಒಂದು ಬೆಳಿಗ್ಗೆ ಪಕ್ಕದ ಎಲ್ಲೂರಿಗೆ ಮೀನು ಮಾರಲು, ಸೊಂಟನೋವು ಅವಳಿಗೆ, ಬುಟ್ಟಿ ಹೊರಲು ಶರ್ಮಿಳಾ, ಒಂದು ಗೇಟಿನಲ್ಲಿ ಅಮ್ಮ ಗಂಟಲೆತ್ತಿ, ಬಂಗುಡೆ ಉಂಟೂ ಬಂಗುಡೇ, ಬಾಗಿಲು ತೆರೆಯಿತು, ಪಕ್ಕದ ಗೇಟಿನಲ್ಲಿ ಶರ್ಮಿಳಾ ಬುಟ್ಟಿ ಹಿಡಿದು ಸುಮ್ಮನೆ ನಿಂತಳು, ಯಾರೂ ಬರಲಿಲ್ಲ, ಅಮ್ಮ ರಸ್ತೆಯಿಂದಲೇ, ಬಾಯಿಗೆ ಬೀಗ ಹಾಕಿ ಬಂದಿದ್ದೀಯಾ, ಕೂಗದೆ ನಿಂತರೆ ಒಳಗಿದ್ದವರಿಗೆ ಕನಸು ಬೀಳ್ತದಾ — ಶರ್ಮಿಳಾ ಗೇಟಿನಲ್ಲೇ ಅಮ್ಮನತ್ತ ತಿರುಗಿದಳು, ಕೂಗದೆ, ಹೌದಲ್ಲ, ಹಳೆಯ ಕೇಬಲು ಕೇಳದೆಯೇ ಕರೆಂಟು ಸುರಿಯುತ್ತದೆ, ಈ ಹೊಸ ಗೂಡು ಹಾಗಲ್ಲ, ಬಂದಿದ್ದೇನೆ ಎಂದು ಕಾರ್ಡು ಮೊದಲು ತಿಳಿಸಬೇಕು, ಆಮೇಲೆಯೇ ಕರೆಂಟು, ತಿಳಿಸಲು ಒಂದು ರೆಸಿಸ್ಟರ್ ಸಾಕು, ಎಳ್ಳಿಗಿಂತ ಸಣ್ಣದು, ಮನೆಯ ಕೇಬಲಿನ ಧಾರಾಳತನ ನಂಬಿ ಅದೊಂದನ್ನೇ ಅವಳು ಇಟ್ಟಿರಲಿಲ್ಲ, ಬುಟ್ಟಿಯನ್ನು ನೆಲಕ್ಕಿಟ್ಟು ಒಬ್ಬಳೇ ನಕ್ಕಳು, ಅಮ್ಮ ರಸ್ತೆಯಿಂದ, ಅಯ್ಯೋ ಬೆಕ್ಕು, ಬೆಕ್ಕು ಬಂತು ಮಾರಾಯ್ತಿ — ಈಗ ಅಂಗೈಯಲ್ಲಿರುವ ಕಾರ್ಡಿಗೆ ಆ ರೆಸಿಸ್ಟರನ್ನು ಉಸಿರು ಬಿಗಿಹಿಡಿದು ಕೂರಿಸಿದ್ದಾಳೆ, ಕೂದಲೆಳೆಯಂಥ ತಂತಿಯಲ್ಲಿ, ಅಲುಗದಿದ್ದರೆ ಸಾಕು, ಬೆರಳು ಗೂಡಿನ ಅಂಚು ತಡವಿತು, ತಳ್ಳಿತು, ಟಕ್, ಏನೂ ಇಲ್ಲ, ಯಾರೋ ಕೆಮ್ಮಿದರು, ಇಲ್ಲವಾ, ಇವತ್ತೂ — ಹಸಿರು, ಕಾರ್ಡಿನ ತುದಿಯಲ್ಲಿ ಸಾಸಿವೆಯಷ್ಟು ಹಸಿರು, ಅವಳು ಬಯಸಿದಂತೆಯೇ ಹತ್ತಿ ಆರಿ ಮಿಣುಕುವ ದೀಪ, ಮೋಟಾರು ಗುಂಯ್ ಎಂದಿತು, ಕುರ್ಚಿಗಳು ಕಿರುಗುಟ್ಟಿದವು, ಒಬ್ಬರ ಮೇಲೊಬ್ಬರು ಬಗ್ಗಿದರು, ಎಲ್ಲಿ, ನೋಡುವ, ಸ್ವಲ್ಪ ಸರಿಯಿರಿ, ಸ್ಟೀವನ್ ಅವಳ ಭುಜ ಹಿಡಿದು ಅಲುಗಿಸುತ್ತ, ಬಿಡುವುದು ಇಲ್ಲ ಶರ್ಮಿಳಕ್ಕ, ಇನ್ನು ಇದನ್ನು ಬಿಡುವುದೇ ಇಲ್ಲ, ಹೇಗೆ ಸರಿಯಾಯ್ತು ಮೇಡಂ, ಎಂದು ಯಾರೋ, ಹೇಳಬೇಕು, ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ಬಾಯಿ ತೆರೆದಳು, ಹಸಿರು ಹತ್ತಿತು, ಅದನ್ನೇ ನೋಡಿದಳು, ಆರಿತು, ಹತ್ತಿತು, ಎಂತ ಹೇಳಬೇಕೆಂದಿದ್ದಳು, ಹಸಿರು, ಆರಿತು, ಹಸಿರು —