ಟಿಕಿಟಿಕಿ ನಿಂತ ವಾರ

ದ್ರಾಕ್ಷಾಯಿಣಿಯ ಹೃದಯದಲ್ಲಿ ಲೋಹದ ಕವಾಟ ಕೂರಿಸಿದ ಮೇಲೆ ಗೋವಾದ ಮಡ್ಕಯಿಯ ಆ ಒಂದೇ ಕೋಣೆಯ ಮನೆಯಲ್ಲಿ ಎಲ್ಲರಿಗೂ ಅದರ ಟಿಕಿಟಿಕಿ ಕೇಳುತ್ತಿತ್ತು. ಗಡಿಯಾರ ನುಂಗಿದ್ದಾಳೆ ಎಂದು ಪಕ್ಕದ ಮನೆಯ ಹಸೀನಾ ಚೇಷ್ಟೆ ಮಾಡಿದರೆ ದ್ರಾಕ್ಷಾಯಿಣಿ ನಗುತ್ತಿದ್ದಳು. ಗಂಡ ಗುರುಲಿಂಗ ಕಾರ್ಖಾನೆಯಿಂದ ಬಂದವನೇ ಮೊದಲು ಅದಕ್ಕೆ ಕಿವಿಗೊಡುತ್ತಿದ್ದ. ಅತ್ತೆ ಹನುಮವ್ವನಿಗೆ ಮಾತ್ರ ಆ ಸಪ್ಪಳ ಸೇರದು. ಕಬ್ಬಿಣ ಇನ್ನೂ ಮೈಗೆ ಹೊಂದಿಲ್ಲ ಎಂದೇ ಅವಳ ಲೆಕ್ಕ.

ಅದಕ್ಕಿಂತ ಅವಳನ್ನು ಕಂಗೆಡಿಸಿದ್ದು ರಕ್ತ ತೆಳ್ಳಗೆ ಮಾಡುವ ಗುಳಿಗೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಸೊಪ್ಪು, ತಪ್ಪಲಪಲ್ಯ ಹೆಚ್ಚು ತಿಂದರೆ ಗುಳಿಗೆ ಕೆಲಸ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಗುರುಲಿಂಗ ಮನೆಗೆ ಬಂದು ಒಪ್ಪಿಸಿದ್ದ. ಆದರೆ ಎಷ್ಟೋ ಬಾಣಂತಿಯರಿಗೆ ಸೊಪ್ಪು ಉಣಿಸಿ ಮೈಗೆ ರಕ್ತ ತುಂಬಿಸಿದ ಕೈ ಹನುಮವ್ವನದು. ತೆಳ್ಳನೆಯ ರಕ್ತವೆಂದರೆ ಅವಳ ಕಣ್ಣಿಗೆ ಬಿಳಿಚಿಕೊಂಡ ಮುಖವೇ ಬರುತ್ತಿತ್ತು. ಡಾಕ್ಟರಿಗೆ ಅಡುಗೆಮನೆಯ ಸಂಗತಿ ಏನು ಗೊತ್ತು? ಮಗ ಕೆಲಸಕ್ಕೆ ಹೋದದ್ದೇ ತಡ, ರೊಟ್ಟಿಯ ಜೊತೆ ಹಸಿ ಮೆಂತೆ, ರಾಜಗಿರಿ, ನುಗ್ಗೆಸೊಪ್ಪು. ಸೊಸೆ ಹಿಂಜರಿದರೆ ತಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅಷ್ಟು ಅಕ್ಕರೆಯ ಕೈಯನ್ನು ತಳ್ಳುವುದಾದರೂ ಹೇಗೆ?

ಟಿಕಿಟಿಕಿ ಮಂದವಾಗುತ್ತ ಬಂತು, ಒಂದು ದಿನ ಕೇಳಿಸಲೇ ಇಲ್ಲ. ಕಡೆಗೂ ಮೈಗೆ ಹೊಂದಿತು ಎಂದು ಹನುಮವ್ವ ದೇವರಿಗೆ ಕಾಯಿ ಒಡೆದಳು. ಗುರುಲಿಂಗನೂ ನಂಬಿ ಕೊಬ್ಬರಿ ತಿಂದ.

ಆ ವಾರವೇ ದ್ರಾಕ್ಷಾಯಿಣಿಗೆ ಕೊಡ ಎತ್ತಲು ಉಸಿರು ಸಾಲದಾಯಿತು, ಆಮೇಲೆ ಅಂಗಾತ ಮಲಗಲೂ. ಕೆಮ್ಮಿದರೆ ಕೆಂಪು ನೊರೆ. ಆಸ್ಪತ್ರೆಗೆ ಒಯ್ದರು. ರಕ್ತ ಹೆಪ್ಪುಗಟ್ಟಿ ಕವಾಟ ಸಿಕ್ಕಿಕೊಂಡಿದೆ, ರಕ್ತ ಮುಂದೆ ಹೋಗದೆ ಶ್ವಾಸಕೋಶದಲ್ಲೇ ತುಂಬಿಕೊಳ್ಳುತ್ತಿದೆ ಎಂದರು ಡಾಕ್ಟರು. ಹಳೆಯ ಕಾಯಿಲೆಯಿಂದ ಅಲ್ಲಿನ ನಾಳಗಳಲ್ಲಿ ಮೊದಲೇ ಒತ್ತಡ ಜಾಸ್ತಿ. ಮತ್ತೆ ಆಪರೇಷನ್ ಮಾಡಿದರೆ ತಾಳುವುದು ಕಷ್ಟ, ಮಾಡದಿದ್ದರೆ ಉಳಿಯುವುದೇ ಇಲ್ಲ. ಗುರುಲಿಂಗ ಹೂಂ ಅಂದ. ಅವಳು ತಾಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ಹನುಮವ್ವ ಸೊಸೆಗೆಂದು ತಂದ ಬುತ್ತಿ ಡಬ್ಬಿ ಹಿಡಿದು ಕೂತಿದ್ದಳು. ಉಗುರಿನ ಸಂದಿಯಲ್ಲಿ ಸೊಪ್ಪಿನ ಹಸಿರು ಇತ್ತು. ತಾನಿಲ್ಲದಾಗ ಮನೆಯಲ್ಲಿ ಏನು ನಡೆದಿತ್ತೆಂದು ಆ ಹಸಿರು ಕಂಡಾಗಲೇ ಗುರುಲಿಂಗನಿಗೆ ಹೊಳೆಯಿತು. ಡಬ್ಬಿಯನ್ನು ಕಿತ್ತು ಎಸೆಯುವಷ್ಟು ಸಿಟ್ಟು ಬಂತು. ಅವಳ ಮುಖ ನೋಡಿ ಕೈ ಏಳಲಿಲ್ಲ.

"ಸಪ್ಪಳ ನಿಂತೈತಿ ಅಂತ ಡಾಕ್ಟರಿಗೆ ಹೇಳಿದೇನಪಾ?" ಎಂದಳು.

"ಅದು ನಿಂದರಬಾರದಿತ್ತು ಯವ್ವಾ. ಅದು ಇದ್ರ ಆಕಿ ಇರ್ತಿದ್ಲು."

ಹನುಮವ್ವ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಸೊಪ್ಪನ್ನು ನೋಡಿದಳು.

"ನಾ ಉಣಿಸಿದ್ದಕ್ಕೇನು?"

ಗುರುಲಿಂಗ ಡಬ್ಬಿಯನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಉಗುರಿನ ಸಂದಿಯ ಹಸಿರನ್ನು ಒರೆಸತೊಡಗಿದ.